ಗಾಲಿಗೆ ಕೊಟ್ಟ ಕಲ್ಲು

ಭಾನುವಾರ, ೧೯ ಜನವರಿ ೨೦೨೫. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬೀರದೇವ ಠಾಣೆಯ ಮೆಟ್ಟಿಲು ಹತ್ತಿದ. ಬೀರಪ್ಪನ ಗುಡಿಯ ಭಂಡಾರ ಹಣೆಯ ಮೇಲೆ ಇನ್ನೂ ಹಳದಿಯಾಗಿಯೇ ಇತ್ತು. ಅದರ ಕೆಳಗಿನ ಮುಖ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು.

"ಹವಾಲ್ದಾರ ಮಾಮಾ, ನನ್ನ ಗಾಡಿ ಕಲ್ಲಿನ ಖಣ್ಯಾಗ ಬಿದ್ದೈತ್ರಿ."

"ಬಿದ್ದೈತೋ, ಯಾರರ ಕೆಡವ್ಯಾರೋ?"

"ನಾವೆಲ್ಲಾ ಗುಡಿಗೆ ಹೋಗಿದ್ವಿ. ಗಾಡಿ ಒಂದಽ ಎದ್ದು ಖಣಿಗೆ ಹೋಗ್ತೈತೇನ್ರಿ?"

ಹವಾಲ್ದಾರ ಅಮೋಗಸಿದ್ದ ಕಾಗದ ಮುಂದಕ್ಕೆಳೆದುಕೊಂಡ. ಬಿಳೂರಿನವನು, ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ನಿವೃತ್ತಿಗೆ ಇನ್ನು ಎಂಟು ತಿಂಗಳು. ಅಕ್ಷರ ನಿಧಾನ, ನೆನಪು ಮಾತ್ರ ಗಟ್ಟಿ. ಅವನ ತಲೆಯೊಳಗೆ ಒಮ್ಮೆ ಹೊಕ್ಕ ಸಂಗತಿ ಸಾಯುವತನಕ ಅಲ್ಲೇ ಕೂತಿರುತ್ತಿತ್ತು.

ಆ ಗಾಡಿಯನ್ನು ಅರಿಯದವರು ಗಡಿಯೂರಾದ ಸಂಖದಲ್ಲಿ ಯಾರೂ ಇರಲಿಲ್ಲ. ೧೯೯೭ರ ಜಿಪ್ಸಿ, ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತ ಸಿಗುವ ಸಣ್ಣ ಗಾಡಿ. ಎರಡು ವರ್ಷದ ಹಿಂದೆ ಬೀರದೇವ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ತನ್ನ ಶೆಡ್ಡಿಗೆ ಎಳೆದು ತಂದಾಗ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಕುರಿ ಕಾಯುವವರ ಮನೆಯವನು ಇದರಲ್ಲೇನು ಕಡಿದು ಕಟ್ಟೆ ಹಾಕುತ್ತಾನೆಂದು ಊರು ನಕ್ಕಿತು. ಅವನು ಗಾಡಿಯ ಕೆಳಗೆ ತೂರಿದ. ಗಾಲಿಯ ಮೇಲಿನ ಸ್ಪ್ರಿಂಗಿನ ಪಾಟಾಗಳಿಗೆ ಒಂದೊಂದು ಪಾಟಾ ಹೆಚ್ಚು ಸೇರಿಸಿ, ಉದ್ದನೆಯ ಶ್ಯಾಕಲ್ ಕೊಂಡಿ ಕೊಟ್ಟು, ಮೈಯನ್ನು ಅರ್ಧ ಗೇಣು ಮೇಲೆತ್ತಿದ. ದೊಡ್ಡ ಹಲ್ಲಿನ ಟೈರು ಹಾಕಿದ. ಬಂಡೆಗೆ ಮೂತಿ ತಾಗದಂತೆ ಬಂಪರನ್ನು ಎರಡೂ ಕಡೆ ಕೊಯ್ದ. ಎಂಜಿನ್ನು ಗಾಳಿ ಎಳೆಯುವ ಕೊಳವೆಯನ್ನು ತಲೆಯ ಮೇಲಿನ ಟಪ್ಪಿನವರೆಗೆ ಏರಿಸಿದ, ಹಳ್ಳದ ನೀರಿಗೂ ಅಂಜಬೇಕಾಗಿಲ್ಲ ಅಂತ. ಉರುಳಿದರೆ ತಲೆ ಉಳಿಯಲೆಂದು ಪೈಪಿನ ಪಂಜರ ಕಟ್ಟಿದ.

ಮುಂದಿನ ಭಾನುವಾರ ವಳಸಂಗದ ಬೋಳು ಗುಡ್ಡದಲ್ಲಿ ಗಾಡಿ ಏರಿಸುವ ಪಂದ್ಯವಿತ್ತು. ಪರೀಕ್ಷೆಗೆಂದು ಹೋದ ತಿಂಗಳು ಬೀರದೇವ, ಆಡು ಕೂಡ ಯೋಚಿಸಿ ಕಾಲಿಡುವ ಇಳಿಜಾರಿಗೆ ಎಲ್ಲರೆದುರು ಗಾಡಿ ಹತ್ತಿಸಿ ತೋರಿಸಿದ್ದ. ಅಂದು ಜನ ಚಪ್ಪಾಳೆ ತಟ್ಟಿದರು. ಕೈ ಚಪ್ಪಾಳೆ ತಟ್ಟುತ್ತಿದ್ದರೆ ಹೊಟ್ಟೆ ಬೇರೆಯೇ ಹೇಳುತ್ತಿತ್ತು. ಅಮೋಗಸಿದ್ದನೂ ಅಲ್ಲಿದ್ದ, ಸೈಕಲ್ಲಿನ ಚೈನು ಕೂಡಿಸಲು ಬಾರದ ತನ್ನ ಮಗನನ್ನು ನೆನೆದು ಅವನಿಗೂ ಒಂದಿಷ್ಟು ಚುರುಕ್ಕೆಂದಿತ್ತು.

"ಗಾಡಿ ಕಿಲ್ಲಿ ಎಲ್ಲಿತ್ತು?"

"ಗಾಡ್ಯಾಗಽ ಇತ್ರಿ. ಊರಾಗ ಯಾರು ಒಯ್ತಾರಂತ..."

"ಯಾರ ಮ್ಯಾಲ ಸಂಶೇ?"

ಬೀರದೇವ ತಲೆ ತಗ್ಗಿಸಿದ. "ಹೇಳೂದು ಚಲೋ ಅನಸಂಗಿಲ್ರಿ. ಗುರುಸಿದ್ದಣ್ಣ ಭಾಳ ಮಾತಾಡ್ತಿದ್ದ."

೩.೫೦ಕ್ಕೆ ಎಫ್‌ಐಆರ್ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆ, ಕಲಂ ೩೦೩ ಮತ್ತು ೩೨೪, ಕಳವು ಮತ್ತು ಹಾನಿ. ೪.೩೦ಕ್ಕೆ ಫೌಜದಾರ ದತ್ತಾ ಸಾಹೇಬರು, ಅಮೋಗಸಿದ್ದ ಮತ್ತು ಇಬ್ಬರು ಪಂಚರು ಖಣಿ ತಲುಪಿದರು. ಸಾಹೇಬರು ಸಾತಾರಾ ಕಡೆಯವರು, ಮಾತೆಲ್ಲ ಮರಾಠಿ. ಅಮೋಗಸಿದ್ದನಿಗೆ ಎರಡು ಭಾಷೆಯೂ ಒಂದೇ ಬಾವಿಯ ನೀರು.

ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ ಅದು. ಕೆಳಗೆ ಜಿಪ್ಸಿ ಎಡ ಮಗ್ಗುಲಿಗೆ ಬಿದ್ದಿತ್ತು, ಪಂಜರ ಬಾಗಿತ್ತು, ಗಾಜು ಪುಡಿಯಾಗಿತ್ತು. ದಂಡೆಯ ಮೇಲೆ ಟೈರಿನ ಹಲ್ಲಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಅಂಚಿಗೆ ಹತ್ತು ಹೆಜ್ಜೆ ಇರುವಾಗ ಗಾಡಿ ನಿಂತ ಗುರುತಿತ್ತು. ಅಲ್ಲೊಂದು ತೆಂಗಿನಕಾಯಿ ಗಾತ್ರದ ಕಲ್ಲು, ಪಕ್ಕದಲ್ಲಿ ಗಾಡಿಯ ಜಾಕಿನ ಕಬ್ಬಿಣದ ಹಿಡಿಕೆ.

ಅಮೋಗಸಿದ್ದ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ.

"ಏನು ಹವಾಲ್ದಾರ, ಕಲ್ಲಿಗೆ ಪೂಜೆ ಮಾಡ್ತೀಯಾ?" ಸಾಹೇಬರು ಕೇಳಿದರು.

"ಸಾಹೇಬರೇ, ಈ ಕಲ್ಲನ್ನು ಗಾಲಿಯ ಮುಂದೆ ಕೊಟ್ಟಿದ್ದಾರೆ. ಮಣ್ಣಿನಲ್ಲಿ ಒತ್ತಿದ ಗುಳಿ ನೋಡಿರಿ. ಆಮೇಲೆ ಹಿಡಿಕೆಯಿಂದ ಮೀಟಿ ತೆಗೆದಿದ್ದಾರೆ. ಇಳಿಜಾರು ತಾನೇ ಮುಂದಿನ ಕೆಲಸ ಮಾಡಿದೆ."

"ಅದರಿಂದೇನು?"

"ಕೆಡವಲು ಬಂದವನು ಗಾಡಿ ಉರುಳಬಾರದೆಂದು ಕಲ್ಲು ಯಾಕೆ ಕೊಟ್ಟ?"

"ಇಳಿಯಬೇಕಲ್ಲ."

"ಇಳಿಯಲು ಹ್ಯಾಂಡ್‌ಬ್ರೇಕ್ ಇರುತ್ತದೆ, ಸಾಹೇಬರೇ."

"ಇಂಥ ಹಳೇ ಗಾಡಿಯಲ್ಲಿ ಅದು ಎಲ್ಲಿ ನಿಲ್ಲುತ್ತದೆ?"

ಅಮೋಗಸಿದ್ದ ಖಣಿಗೆ ಇಳಿದ. ಗೇರು ನ್ಯೂಟ್ರಲ್‌ನಲ್ಲಿತ್ತು. ಮೇಲಕ್ಕಿದ್ದ ಹಿಂದಿನ ಗಾಲಿಯನ್ನು ಒಬ್ಬ ಪಂಚನ ಕೈಯಿಂದ ತಿರುಗಿಸಿ, ತಾನು ಒಳಗೆ ಕೈ ಹಾಕಿ ಹ್ಯಾಂಡ್‌ಬ್ರೇಕ್ ಎಳೆದ. ಗಾಲಿ ಗಕ್ಕನೆ ನಿಂತಿತು. ಮೂರು ಸಲ ಮಾಡಿದರು, ಮೂರು ಸಲವೂ ನಿಂತಿತು. ಅದನ್ನೂ ಬರೆದ. ಕೈ ಹೊರಗೆ ತೆಗೆಯುವಾಗ ಗೇರಿನ ಸಲಾಕೆ ಬೋಳಾಗಿ ಕಂಡಿತು. ತುದಿಯ ಗುಂಡಿ ಇರಲಿಲ್ಲ. ಬಿದ್ದ ಏಟಿಗೆ ಮುರಿದದ್ದಲ್ಲ. ತಿರುಪಿನ ಗೆರೆ ಒಂದೂ ಕೆಡದೆ ಹೊಳೆಯುತ್ತಿತ್ತು. ಯಾರೋ ಸಮಾಧಾನದಿಂದ ಬಿಚ್ಚಿಕೊಂಡಿದ್ದರು.

ಪಂಚನಾಮೆ ಮುಗಿದಾಗ ೫.೪೫. ಆಚೆ ದಿಬ್ಬದಲ್ಲಿ ಕುರಿ ಮೇಯಿಸುತ್ತಿದ್ದ ಸಾವಿತ್ರವ್ವ ಗಾಡಿ ಹೋಗುವುದನ್ನು ಕಂಡಿದ್ದಳು.

"ಯಾರಿದ್ರು ಒಳಗ?"

"ಮಾರಿ ಕಾಣಲಿಲ್ಲೋ ಯಪ್ಪಾ. ಗಾಡಿ ಅಂದ್ರ ಮದುಮಗಳನ್ನ ಕುಂದರಿಸಿಕೊಂಡಂಗ ಹೊಂಟಿತ್ತು, ಸಾವಕಾಶ. ತಿರುವಿನ್ಯಾಗ ಹಾರ್ನ್ ಬ್ಯಾರೆ ಹೊಡದ. ನನ್ನ ಕುರಿ ಬಿಟ್ರ ಅಲ್ಲಿ ಯಾರಿದ್ರು, ಹೇಳು!"

ಅಷ್ಟರಲ್ಲಿ ಸಾಹೇಬರು ಗುರುಸಿದ್ದನನ್ನು ಠಾಣೆಗೆ ಕರೆತರಿಸಿದ್ದರು. ಬೀರದೇವನ ಶೆಡ್ಡಿನೆದುರೇ ಇಪ್ಪತ್ತು ವರ್ಷದಿಂದ ಗ್ಯಾರೇಜು ಇಟ್ಟವನು. ಚಹಾದ ಅಂಗಡಿಯಲ್ಲಿ ನಾಲ್ಕು ಜನರೆದುರು, "ಆ ಡಬ್ಬಿ ವಳಸಂಗದ ಗುಡ್ಡ ಏರಿದ್ರ ನಾ ಮೀಸಿ ಬೋಳಸ್ತೇನಿ" ಎಂದಿದ್ದ. ಭಾನುವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ಒಬ್ಬನೇ ಮಲಗಿದ್ದೆನೆಂದ, ಸಾಕ್ಷಿ ಇಲ್ಲ. ಸೋಮವಾರ ಮಧ್ಯಾಹ್ನ ಅವನ ಬಂಧನ ತೋರಿಸಿ ಜತ್ತಿನ ಕೋರ್ಟಿಗೆ ಒಯ್ಯುವುದೆಂದು ಸಾಹೇಬರು ತೀರ್ಮಾನಿಸಿದರು. ಕಳ್ಳನೆಂಬ ಹೆಸರು ಒಮ್ಮೆ ಅಂಟಿದರೆ ಗುರುಸಿದ್ದನ ಕೈಗೆ ಯಾರೂ ಗಾಡಿ ಕೊಡುವುದಿಲ್ಲ. ಅದು ಅವನಿಗೂ ಗೊತ್ತು, ಅಮೋಗಸಿದ್ದನಿಗೂ ಗೊತ್ತು.

ಸೋಮವಾರ ಬೆಳಿಗ್ಗೆ ೯.೧೫.

"ಗುರುಸಿದ್ದ, ಹೊಟ್ಟಿಕಿಚ್ಚು ಇತ್ತೋ ಇಲ್ಲೋ?"

"ಇತ್ರಿ. ಸುಳ್ಳ್ಯಾಕ ಹೇಳ್ಲಿ? ಇಪ್ಪತ್ತು ವರ್ಷ ನಾ ಮಾಡಿದ ಕೆಲಸಕ್ಕ ಯಾರೂ ಚಪ್ಪಾಳಿ ಹೊಡದಿಲ್ಲ. ಅದಕ್ಕ ಗಾಡಿ ಕೆಡವಬೇಕೇನ್ರಿ?"

"ಆ ಗಾಡಿ ಹ್ಯಾಂಡ್‌ಬ್ರೇಕ್ ಹೆಂಗೈತಿ?"

ಗುರುಸಿದ್ದ ಬಾಗಿಲ ಕಡೆ ನೋಡಿದ. ದನಿ ಇಳಿಯಿತು. "ಯಾರ ಮುಂದೂ ಹೇಳಬ್ಯಾಡ್ರಿ. ಭಕ್ಕಂ ಐತಿ, ಎಳದ್ರ ಗಾಲಿ ಅಲ್ಲಾಡಂಗಿಲ್ಲ. ನಾನಽ ಹಾಕೇನಿ."

"ನೀನು?"

"ಆ ಹುಡುಗಗ ಕೇಬಲ್ ಎಲ್ಲೂ ಸಿಗಲಿಲ್ರಿ. ಮಿರಜದ ಗುಜರಿ ಭಂಗಾರದಾಗ ಹುಡುಕಿ ತಂದು ಕೂಡಿಸಿಕೊಟ್ಟೆ, ಹದಿನೈದು ದಿನ ಆತು. ಊರ ಮುಂದ ಬೈದು, ಹಿಂದಿಂದ ಕೇಬಲ್ ಹಾಕಿಕೊಟ್ಟಾನಂದ್ರ ಚಹಾದಂಗಡ್ಯಾಗ ಮಾರಿ ಹೆಂಗ ತೋರಿಸ್ಲಿ?"

ಬೀರದೇವನನ್ನು ಕರೆಸಿ ಬೇರೆಯಾಗಿ ಕೇಳಿದರು. ಅದೇ ಮಾತು. "ಯಾರ ಮುಂದೂ ಹೇಳಬ್ಯಾಡಂತ ಆಣಿ ಹಾಕ್ಸಿದ್ದರಿ," ಎಂದ.

ಅಲ್ಲಿಗೆ ಲೆಕ್ಕ ಸರಳವಾಯಿತು. ಬ್ರೇಕು ಹಾಕಿದವನು ಕಲ್ಲು ಹುಡುಕುವುದಿಲ್ಲ. ಕಲ್ಲು ಕೊಟ್ಟವನು ಗಾಡಿಯನ್ನು ಬಲ್ಲವನು, ಆದರೆ ಹೊಸ ಗಾಡಿಯನ್ನಲ್ಲ, ಹಳೆಯದನ್ನು.

"ಬೀರದೇವ, ಗೇರಿನ ಗುಂಡಿ ಎಂಥಾದ್ದಿತ್ತು?"

"ಎತ್ತಿನ ಕೋಡಿಗೆ ಹಾಕ್ತಾರಲ್ರಿ, ಹಿತ್ತಾಳಿ ಅಣಸು, ಅದು. ಗಾಡಿ ತಂದಾಗಿಂದ ಇತ್ತು. ಎಲ್ಲಾ ಬದಲಿ ಮಾಡಿದೆ, ಅದೊಂದನ್ನ ಬಿಚ್ಚಾಕ ಮನಸ್ಸಾಗಲಿಲ್ಲ. ಹಿಂದಿನವರ ಕೈ ಅದರಾಗ ಐತಿ ಅನಸ್ತು."

ಅಮೋಗಸಿದ್ದ ಪೆನ್ನು ಕೆಳಗಿಟ್ಟ. ಹಿಂದಿನ ರಾತ್ರಿಯಿಂದ ಯಾವುದನ್ನು ನೆನೆಯಬಾರದೆಂದು ಕೂತಿದ್ದನೋ ಅದೇ ಎದ್ದು ಬಂದಿತ್ತು.

೨೦೦೧ರ ಮಳೆಗಾಲ. ಅಮೋಗಸಿದ್ದನ ಹೆಂಡತಿಗೆ ಹೆರಿಗೆ ಕಷ್ಟವಾಗಿ ಸೂಲಗಿತ್ತಿ ಕೈಚೆಲ್ಲಿದ್ದಳು. ಸಂಖದಿಂದ ಬಿಳೂರಿಗೆ ಇದೇ ಜಿಪ್ಸಿಯನ್ನು ತಂದು, ಮಿರಜದ ದವಾಖಾನೆಯವರೆಗೆ ಒಯ್ದದ್ದು ಅದರ ಆಗಿನ ಮಾಲೀಕ ಗೊಲ್ಲಾಳಪ್ಪ. ತಿರುವು ತಿರುವಿಗೆ ಹಾರ್ನು, ತಗ್ಗು ಕಂಡಲ್ಲಿ ನಿಧಾನ. ದವಾಖಾನೆಯ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಎಲ್ಲರಿಗಿಂತ ಮೊದಲು ಇಳಿದು, ಗಾಲಿಗೆ ಕಲ್ಲು ಕೊಟ್ಟು, ಆಮೇಲೆ ಬಾಗಿಲು ತೆಗೆದಿದ್ದ. ಆ ಗಾಡಿಯ ಹ್ಯಾಂಡ್‌ಬ್ರೇಕು ಯಾವತ್ತೂ ಹಿಡಿದದ್ದಿಲ್ಲ. "ಗೊಲ್ಲಾಳಪ್ಪನ ಜೀಪಿಗೆ ನಾಕು ಗಾಲಿ, ಒಂದು ಕಲ್ಲು" ಎಂದು ಊರೇ ಆಡಿಕೊಳ್ಳುತ್ತಿತ್ತು. ಅಂದು ಹುಟ್ಟಿದವನೇ ಸೈಕಲ್ ಚೈನು ಕೂಡಿಸಲು ಬಾರದ ಆ ಮಗ.

"ಸಾಹೇಬರೇ," ಎಂದ, "ಗುರುಸಿದ್ದನ ಬಂಧನ ಎರಡು ತಾಸು ತಡೆಯಿರಿ."

ದತ್ತಾ ಸಾಹೇಬರು ಅವನ ಮುಖ ನೋಡಿದರು. "ಯಾರೆಂದು ಗೊತ್ತಾಯಿತಾ?"

"ಗೊತ್ತಾಯಿತು. ಆಗದಿದ್ದರೆ ಚಲೋ ಇತ್ತು."

೧೧.೪೦ಕ್ಕೆ ಗೊಲ್ಲಾಳಪ್ಪನ ಮನೆ. ಅಂಗಳದ ಬೇವಿನ ಕೆಳಗೆ ನಾಲ್ಕು ಗಾಲಿಯ ಹಳೆಯ ಗುರುತು, ಅಲ್ಲಿ ಹುಲ್ಲು ಇನ್ನೂ ಸರಿಯಾಗಿ ಹುಟ್ಟಿರಲಿಲ್ಲ. ಅರವತ್ತೆಂಟರ ಮುದುಕ ಕಟ್ಟೆಯ ಮೇಲೆ ಕೂತಿದ್ದ. ಹಣೆಗೆ ವಿಭೂತಿ, ಬಿಳಿ ಅಂಗಿ. ಹೆಂಡತಿ ಸಂಗವ್ವ ಹೊರಗೆ ಬಂದಳು.

"ಬರ್ರಿ, ಕುಂದ್ರಿ. ಚಾ ಇಡ್ತೇನಿ. ನೀವರ ಹೇಳ್ರಿ ಇವ್ರಿಗೆ, ನಿನ್ನಿ ಸಂಜಿಯಿಂದ ಒಂದು ತುತ್ತು ಮುಟ್ಟಿಲ್ಲ."

ಸಾಹೇಬರು ಹೊಸ್ತಿಲಾಚೆಯೇ ನಿಂತರು. ಅಮೋಗಸಿದ್ದ ಮುದುಕನ ಪಕ್ಕ ಕೂತ.

"ಕಾಕಾ, ನಿನ್ನಿ ಮಧ್ಯಾಹ್ನ ಎಲ್ಲಿದ್ರಿ?"

"ಅಡ್ಡಾಡಾಕ ಹೋಗಿದ್ದೆ."

"ಎಲ್ಲಿತನ?"

"ಖಣಿತನ."

"ನಡಕೋತ?"

ಗೊಲ್ಲಾಳಪ್ಪ ಒಮ್ಮೆ ಅವನನ್ನು, ಒಮ್ಮೆ ಬೇವಿನ ಬುಡವನ್ನು ನೋಡಿದ. "ಹೆಂಗ ತಿಳಿತು?"

"ಗಾಲಿಗೆ ಕಲ್ಲು ಕೊಟ್ಟಿದ್ರಿ."

"ಕೊಡಲಾರದ ಇಳಿಯಾಕ ಬರ್ತೈತೇನು, ಹುಚ್ಚಾ? ಉರುಳ್ತದಲ್ಲ."

"ಈಗ ಬ್ರೇಕ್ ನಿಲ್ತೈತಿ, ಕಾಕಾ."

ಮುದುಕ ಥಟ್ಟನೆ ಇತ್ತ ತಿರುಗಿದ. "ಅದನ್ನೂ ಮಾಡ್ಯಾನೇನು?" ಎಂದ. ಸಿಕ್ಕಿಬಿದ್ದದ್ದಕ್ಕಿಂತ ಆ ಸುದ್ದಿಯೇ ಅವನನ್ನು ಹೆಚ್ಚು ಇರಿದಂತಿತ್ತು.

ಸಂಗವ್ವ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಳು.

ಉಳಿದದ್ದನ್ನು ಅವನೇ ಹೇಳಿದ, ಯಾರೂ ಕೆದಕಬೇಕಾಗಲಿಲ್ಲ. ಎರಡು ವರ್ಷದ ಹಿಂದೆ ತಾನು ಕಣ್ಣಿನ ಆಪರೇಶನ್ನಿಗೆ ಮಿರಜಕ್ಕೆ ಹೋದಾಗ ಮಗ ವಿಜಯಕುಮಾರ ಗಾಡಿಯನ್ನು ಬೀರದೇವನಿಗೆ ಮಾರಿದ್ದ. ಪಟ್ಟಿ ಬಿಚ್ಚಿಸಿಕೊಂಡು ಬಂದು ಮೊದಲು ನೋಡಿದ್ದು ಬೇವಿನ ಕೆಳಗಿನ ಬಯಲು. ಆಗ ಹೇಗೋ ನುಂಗಿಕೊಂಡ. ಆದರೆ ಗಾಡಿ ಎದ್ದು ಓಡತೊಡಗಿದ ಮೇಲೆ, ಗೊಲ್ಲಾಳಪ್ಪನ ಜೀಪು ಎನ್ನುತ್ತಿದ್ದ ಬಾಯಿಗಳೇ ಬೀರದೇವನ ಗಾಡಿ ಎನ್ನತೊಡಗಿದವು. ಈ ಜೀಪಿನಲ್ಲಿ ಗಂಡನ ಮನೆಗೆ ಹೋದ ಹೆಣ್ಣುಮಕ್ಕಳು ಕೂಡ ಹಾಗೇ ಅಂದರು.

"ಕೆಡವಬೇಕಂತ ಒಯ್ದಿರಲಿಲ್ಲ, ಅಮೋಗಸಿದ್ದ. ಒಮ್ಮಿ ಕುಂತು ಓಡಿಸಬೇಕಂತ ಒಯ್ದೆ. ಖಣಿ ಏರು ನೋಡೀಯಲ್ಲ? ನನ್ನ ಕೈಯಾಗ ಇಪ್ಪತ್ತು ವರ್ಷ ಒಮ್ಮೆನೂ ಏರಲಿಲ್ಲ ಅದು. ಅರ್ಧಕ್ಕ ನಿಂತು ಹಿಂದ ಸರೀತಿತ್ತು. ನಿನ್ನಿ ಒಂದು ಉಸಿರಿನ್ಯಾಗ ಏರಿತು. ನನ್ನ ಕೈಯಾಗಽ ಏರಿತು, ಆದರ ಅವನ ಗಾಡಿ ಆಗಿ ಏರಿತು."

"ಮತ್ತ ಗುಂಡಿ?"

"ಇಳದು ಕಲ್ಲು ಕೊಟ್ಟು, ಅದನ್ನ ಬಿಚ್ಚಿಕೊಂಡು ಮನಿಗೆ ಬರಬೇಕಂತ ಮಾಡಿದ್ದೆ. ಅದು ನಮ್ಮ ಸರದಾರ ಎತ್ತಿಂದು. ಬಿಚ್ಚಿ ಅಂಗೈಯಾಗ ಇಟ್ಟುಕೊಂಡೆ. ಹಿತ್ತಾಳಿ ತಿಕ್ಕಿ ತಿಕ್ಕಿ ಬಂಗಾರ ಮಾಡ್ಯಾನವ." ಖಾಲಿ ಅಂಗೈಯನ್ನು ನೋಡಿಕೊಂಡ. "ಎಲ್ಲಾ ಬದಲಿ ಮಾಡಿದಾಂವ ಅದನ್ಯಾಕ ಇಟ್ಟ? ಅದನ್ನೂ ಒಗದಿದ್ದರ ಇದು ಯಾವುದೋ ಗಾಡಿ ಅಂತ ಸುಮ್ಮನಿರ್ತಿದ್ದೆ. ನನಗಿಂತ ಚಲೋ ನೋಡಿಕೊಂಡಾನ. ಅಷ್ಟಽ ನನಗ ತಡೀಲಿಲ್ಲ. ಹಿಡಿಕಿ ತಗೊಂಡು ಕಲ್ಲು ಮೀಟಿಬಿಟ್ಟೆ."

ಅವನೇ ಎದ್ದು ದೇವರ ಜಗಲಿಯ ಗೂಡಿನಿಂದ ಹಿತ್ತಾಳೆ ಅಣಸು ತಂದು ಕೊಟ್ಟ. ವಿಭೂತಿ ಗಟ್ಟಿಯ ಪಕ್ಕದಲ್ಲಿಟ್ಟಿದ್ದರಿಂದ ಅದರ ಮೇಲೆ ಬಿಳಿ ಧೂಳು ಕೂತಿತ್ತು.

೧೨.೨೫ಕ್ಕೆ ಬಂಧನ. ಬೇಡಿ ಹಾಕಲಿಲ್ಲ. ಠಾಣೆಯ ಜೀಪು ಹತ್ತುವ ಮೊದಲು ಅಮೋಗಸಿದ್ದ ತಗ್ಗಿದ ದನಿಯಲ್ಲಿ, "ಕಾಕಾ, ನನ್ನ ಮಗ ನಿಮ್ಮ ಗಾಡಿಯಿಂದ ಉಳದಾನ. ನಾ ಮರತಿಲ್ಲ" ಎಂದ.

"ನೀ ಒಬ್ಬಾಂವ ಮರತಿಲ್ಲ. ಅದಕ್ಕಽ ಸಿಕ್ಕೆ," ಎಂದು ಮುದುಕ ಅರ್ಧ ನಕ್ಕ.

ಠಾಣೆಯಲ್ಲಿ ಗುರುಸಿದ್ದನನ್ನು ಬಿಟ್ಟರು. ಹೊರಗೆ ಕಟ್ಟೆಯ ಮೇಲೆ ಬೀರದೇವ ಕೂತಿದ್ದ. ಗುರುಸಿದ್ದ ಅವನ ಮುಂದೆ ನಿಂತು, "ಏಳಲೇ. ಈ ವರ್ಷದ ಗುಡ್ಡ ಹೋತು. ಪಂಜರ ನಾ ನೆಟ್ಟಗ ಮಾಡಿ ಕೊಡ್ತೇನಿ, ನಿನ್ನ ವೆಲ್ಡಿಂಗ್ ನಾಯಿ ಮೂಸಂಗಿಲ್ಲ" ಎಂದು ಗದರಿಸಿದ.

ಒಳಗೆ ಅಮೋಗಸಿದ್ದ ಮುದ್ದೆಮಾಲಿನ ಚೀಟಿ ಬರೆಯುತ್ತಿದ್ದ. ಹಿತ್ತಾಳೆಯ ಗೇರ್ ಗುಂಡಿ, ಒಂದು. ಜಪ್ತಿಯಾದ ಸ್ಥಳ, ದೇವರ ಜಗಲಿ. ದಿನಾಂಕ ೨೦ ಜನವರಿ. ಮುಂದಿನ ಸಾಲು ಮಾಲೀಕನ ಹೆಸರು. ಅಲ್ಲಿ ಪೆನ್ನು ನಿಂತಿತು.

ಎದುರಿನ ಬೆಂಚಿನಲ್ಲಿದ್ದ ಗೊಲ್ಲಾಳಪ್ಪ, ಆಪರೇಶನ್ ಆದ ಕಣ್ಣನ್ನು ಕಿರಿದು ಮಾಡಿ ಚೀಟಿಯನ್ನೇ ನೋಡುತ್ತಿದ್ದ.

"ಯಾರ ಹೆಸರು ಬರೀತಿ?"

ಅಮೋಗಸಿದ್ದ ಪೆನ್ನನ್ನು ಮತ್ತೆ ಕಾಗದಕ್ಕೆ ಹಚ್ಚಿದ. ಒಂದೊಂದೇ ಅಕ್ಷರ ಕೂಡಿಸಿ, ನಿಧಾನವಾಗಿ, ಬೀರದೇವ ಎಂದು ಬರೆದ. ಮುದುಕ ಕೊನೆಯ ಅಕ್ಷರ ಮುಗಿಯುವತನಕ ನೋಡಿ, ಗೋಡೆಯ ಕಡೆ ಮುಖ ತಿರುಗಿಸಿ ಕೂತ.