ಡಾನ್ಯೂಬ್ ದಡದ 1949ನೇ ಬೋರ್ಡು

ಬೆಳಿಗ್ಗೆ ಹತ್ತಕ್ಕೆ ಅಮೀರ್ ಜೋಗುಪಾಳ್ಯದ ನಮ್ಮ ಮನೆ ಬಾಗಿಲು ಬಡಿದ. ಮುಖ ಬಿಳಿಚಿಕೊಂಡಿತ್ತು. ಮೊಬೈಲು ನನ್ನ ಕೈಗಿಟ್ಟ.

"ಟೀಚರ್, ನನ್ನ ಕಳ್ಳ ಅಂತ ಬರ್ದಿದ್ದಾರೆ."

ನಾನು ಯಶೋದಮ್ಮ. ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿ ನಿವೃತ್ತಳಾದವಳು. ಶಿವಾಜಿನಗರದ ಅಮೀರ್ ನನ್ನ ಹಳೆಯ ವಿದ್ಯಾರ್ಥಿ. ಈಗ ಯುರೋಪಿನ ಡಾನ್ಯೂಬ್ ನದಿಯ ಪ್ರವಾಸಿ ಹಡಗಿನಲ್ಲಿ ಅಡುಗೆಯವನು. ಚಳಿಗಾಲಕ್ಕೆ ಊರಿಗೆ ಬರುತ್ತಾನೆ, ಮಾರ್ಚಿಗೆ ಮತ್ತೆ ಹೋಗುತ್ತಾನೆ. ಆ ನದಿಯ ದಡದಲ್ಲಿ ಕಿಲೋಮೀಟರಿನ ಬೋರ್ಡುಗಳಿವೆ. ಊರು ಬಂದಾಗಲೆಲ್ಲ ಬೋರ್ಡಿನ ಫೋಟೋ ತೆಗೆದು ನನಗೆ ಕಳಿಸುತ್ತಿದ್ದ.

ಹಡಗಿಗೆ ಜನ ಕಳಿಸುವ ಕಲ್ಯಾಣ ನಗರದ ಏಜೆನ್ಸಿಗೆ ಹೆಸರಿಲ್ಲದ ಪತ್ರ ಬಂದಿತ್ತು; ಅದರ ಫೋಟೋವನ್ನು ಅವರು ಅಮೀರನಿಗೆ ಕಳಿಸಿದ್ದರು. "ನಾನೂ ಆ ಹಡಗಿನಲ್ಲಿದ್ದೆ. ವಿಯೆನ್ನಾದ 1929ನೇ ಬೋರ್ಡು ದಾಟಿ, ಬುಡಾಪೆಸ್ಟ್ ಕಡೆಗೆ ಒಂದು ಗಂಟೆ ಇಳಿದ ಮೇಲೆ, 1949ನೇ ಬೋರ್ಡಿನ ಹತ್ತಿರ ಅಮೀರ್ ಪ್ರಯಾಣಿಕರೊಬ್ಬರ ಉಂಗುರ ಕದ್ದ. ಕಣ್ಣಾರೆ ಕಂಡೆ."

"ಸಂಜೆ ಐದರೊಳಗೆ ಇದು ಸುಳ್ಳು ಅಂತ ತೋರಿಸ್ಬೇಕು ಟೀಚರ್. ಇಲ್ಲಾಂದ್ರೆ ನನ್ ಜಾಗ ಬೇರೆಯವ್ರಿಗೆ. ಅಮ್ಮಿ ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ."

ಪತ್ರ ಎರಡು ಸಲ ಓದಿದೆ. ಮೈಯೆಲ್ಲ ಉರಿಯಿತು. ಕಳ್ಳತನದ ಮಾತು ಹಾಗಿರಲಿ, ಬರೆದ ಪುಣ್ಯಾತ್ಮನಿಗೆ ಭೂಗೋಳವೇ ಬರುವುದಿಲ್ಲ!

"ಯಾರ ಮೇಲೆ ಅನುಮಾನ?"

"ಪ್ರವೀಣ. ಅದೇ ಹಡಗಲ್ಲಿದ್ದ. ಹೋದ್ ಸಲ ಕಿಚನ್‌ನಲ್ಲಿ ಕೈಕೈ ಮಿಲಾಯಿಸಿದ್ವಿ."

*

ಪ್ರವೀಣ ಇಂದಿರಾನಗರದ ಹೋಟೆಲೊಂದರಲ್ಲಿ ಈರುಳ್ಳಿ ಹೆಚ್ಚುತ್ತಿದ್ದ.

"ಅವ್ನನ್ನ ಕಂಡ್ರೆ ನಂಗಾಗಲ್ಲ. ಆದ್ರೆ ಕಳ್ಳ ಅಲ್ಲ ಮೇಡಂ."

"ವಿಯೆನ್ನಾದಿಂದ ಬುಡಾಪೆಸ್ಟಿಗೆ ಹೊರಟ್ರೆ, 1929 ಆದ್ಮೇಲೆ ಯಾವ ನಂಬರ್ ಬರುತ್ತೆ?"

"1928." ಕಣ್ಣೆತ್ತದೆ ಹೇಳಿದ.

ಇವನಲ್ಲ. ಬೋರ್ಡಿನ ಫೋಟೋ ಇನ್ಯಾರಿಗೆ ಕಳಿಸಿದ್ದೆ ಎಂದು ಅಮೀರನನ್ನು ಕೇಳಿ, ಆಟೋ ಹಿಡಿದು ಹಲಸೂರಿಗೆ ಹೊರಟೆವು.

*

ಪ್ರೇಮ್‌ಕುಮಾರ್ ಅಮೀರನ ಜೀವದ ಗೆಳೆಯ. ಅವನೂ ಹಡಗಿನ ಅಡುಗೆಯವನೇ, ಆದರೆ ರೈನ್ ನದಿಯಲ್ಲಿ. ವಿಷಯ ಕೇಳಿದ್ದೇ ತಡ, "ಯಾವ ಪಾಪಿ ಬರೆದದ್ದು!" ಎಂದು ಬೈದ. ಟೀ ಮಾಡಿಕೊಟ್ಟ.

"ವಿಯೆನ್ನಾ ಬೋರ್ಡಿನ ಫೋಟೋ ನಿಂಗೂ ಬಂದಿತ್ತೇನಪ್ಪಾ?"

"ಹೂಂ ಟೀಚರ್, ಕಳಿಸಿದ್ದ."

"ನಿಮ್ ರೈನಲ್ಲೂ ಬೋರ್ಡಿದ್ಯಾ?"

"ಇದೆಯಲ್ಲ. ಕೊಲೋನ್‌ನಲ್ಲಿ 688."

"ಅಲ್ಲಿಂದ ಸಮುದ್ರದ ಕಡೆ ಹೋದ್ರೆ?"

"ಏರ್ತಾ ಹೋಗುತ್ತೆ. 689, 690... ಎಲ್ಲಾ ನದೀಲೂ ಹಂಗೇ ಅಲ್ವಾ?"

"ಅಲ್ಲ ಕಣೋ. ಡಾನ್ಯೂಬಲ್ಲಿ ಸಮುದ್ರದಿಂದ ಮೇಲಕ್ಕೆ ಎಣಿಸ್ತಾರೆ. ಇಳಿದಂಗೆಲ್ಲ ನಂಬರ್ ಕಮ್ಮಿಯಾಗುತ್ತೆ. ಬುಡಾಪೆಸ್ಟ್ 1647. ನಿನ್ನ 1949 ವಿಯೆನ್ನಾಕ್ಕಿಂತ ಮೇಲಿದೆ. ಆ ಹಡಗಲ್ಲಿದ್ದೋನು ಈ ತಪ್ಪು ಮಾಡಲ್ಲ. ನದೀನೇ ನೋಡದೇ ಇರೋನಿಗೆ ಬೋರ್ಡಿನ ಯೋಚ್ನೇನೇ ಬರಲ್ಲ. ವಿಯೆನ್ನಾದ ನಂಬರ್ ಗೊತ್ತಿದ್ದು, ರೈನಿನ ಲೆಕ್ಕದಲ್ಲಿ ಇಪ್ಪತ್ತು ಕೂಡಿಸಿದೋನು ನೀನೊಬ್ನೇ."

ಪ್ರೇಮ್‌ಕುಮಾರ್ ಲೋಟ ಕೆಳಗಿಟ್ಟ.

"ಬೇಸಿಗೇಲಿ ರೈನಲ್ಲಿ ನೀರು ಇಳಿದೋಯ್ತು ಟೀಚರ್. ಹಡಗು ನಿಂತ್ಬಿಡ್ತು, ನಮ್ಮನ್ನೆಲ್ಲ ಮನೆಗೆ ಕಳಿಸಿದ್ರು. ಮತ್ತೆ ಕರೀಲೇ ಇಲ್ಲ. ಇವನ ಜಾಗ ಖಾಲಿಯಾದ್ರೆ ನಂಗೆ ಸಿಗಬಹುದು ಅಂತ... ತಲೆ ಕೆಟ್ಟೋಗಿತ್ತು."

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅಯ್ಯೋ ಪಾಪ ಅಂತಲೂ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ? ಅಲ್ಲೇ ಏಜೆನ್ಸಿಗೆ ಫೋನ್ ಹಚ್ಚಿಸಿ, ತಪ್ಪನ್ನು ಅವನ ಬಾಯಿಂದಲೇ ಹೇಳಿಸಿದೆ. ಗಂಟೆ ನಾಲ್ಕೂಕಾಲು. ಅಮೀರನ ಜಾಗ ಉಳಿಯಿತು.

ಅಮೀರ್ ಎದ್ದು ಚಪ್ಪಲಿ ಮೆಟ್ಟಿದ. ಕೂಗಾಡಲಿಲ್ಲ.

"ಈ ಸಲ ನಮ್ ಹಡಗಿನ ಕಿಚನ್ನಲ್ಲಿ ಎರಡು ಜಾಗ ಇತ್ತಲ್ಲೋ ಪ್ರೇಮ್," ಅಂದ. "ಎರಡನೇದಕ್ಕೆ ಸೋಮವಾರಾನೇ ಏಜೆನ್ಸಿಗೆ ನಿನ್ನ ಹೆಸರು ಕೊಟ್ಟಿದ್ದೆ."

ಅಮೀರ್ ಅಮ್ಮಿಗೆ ಫೋನ್ ಮಾಡಲು ಹೊರಗೆ ಹೋದ.