ತುಕ್ಕು ಒರೆಸಿದವನು

"ಯಾರು... ಯಾರು ಇದನ್ನ ಮುಟ್ಟಿದ್ದು?!"

ವಡೋದರಾದ ಮಕರಪುರದ ಫ್ಯಾಬ್ರಿಕೇಶನ್ ಶೆಡ್ಡಿನ ಹಿಂದೆ ಮನಸ್ವಿನಿ ಕೂಗಿದ ರಭಸಕ್ಕೆ ಒಳಗೆ ಕಬ್ಬಿಣ ಉಜ್ಜುತ್ತಿದ್ದ ಗ್ರೈಂಡರ್ ಕೂಡ ನಿಂತಿತು.

ಅವಳೆದುರು ಕಬ್ಬಿಣದ ಹೆಂಗಸು ಕೂತಿದ್ದಳು. ಮನಸ್ವಿನಿಯದೇ ಶಿಲ್ಪ, ಶೆಡ್ಡಿನ ಯಜಮಾನ ಸುಬ್ಬರಾಯರನ್ನು ಕೇಳಿ ಅಲ್ಲಿಟ್ಟದ್ದು. ಹನ್ನೊಂದು ತಿಂಗಳು ಬಿಸಿಲು ಮಳೆಗೆ ಮೈಯೊಡ್ಡಿ ತುಕ್ಕು ಹಿಡಿಯುತ್ತಿದ್ದವಳು. ಈಗ ತುಕ್ಕಿನ ಸುಳಿವೂ ಇಲ್ಲ! ಮೈತುಂಬ ರೆಡ್ ಆಕ್ಸೈಡ್‌ನ ಕೆಂಪು ಬಣ್ಣ, ಹಣೆಗೆ ಕುಂಕುಮ, ಕೊರಳಲ್ಲಿ ಚೆಂಡುಹೂವಿನ ಮಾಲೆ.

"ನಾನೇ..." ನಲವತ್ತರ ಆಸುಪಾಸಿನವನೊಬ್ಬ ಕೈ ಒರೆಸಿಕೊಳ್ಳುತ್ತಾ ಬಂದ. "ಜಯತೀರ್ಥ ಅಂತ. ಸುಬ್ಬರಾಯರ ತಂಗಿ ಮಗ. ಮಾವ ಮೊಣಕಾಲು ನೋವು ಅಂತ ಉಡುಪಿಗೆ ಹೋದ್ರು, ಈಗ ಶೆಡ್ ನಾನೇ ನೋಡ್ಕೊಳ್ಳುದು. ನಿನ್ನೆ ಆಯುಧ ಪೂಜೆ ಅಲ್ವಾ? ಇದ್ದ ಕಬ್ಬಿಣವೆಲ್ಲ ತಿಕ್ಕಿ ಬಣ್ಣ ಕೊಟ್ಟು ಪೂಜೆ ಮಾಡುದು ನಮ್ಮ ಕ್ರಮ. ಇವರೊಬ್ಬರನ್ನೇ ಹಾಗೆ ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

"ಎಂತ ಮಾಡಿಟ್ರಿ ಮಾರಾಯ್ರೆ! ಆ ತುಕ್ಕೇ ನನ್ನ ಕೆಲಸ! ಅಲ್ಲಿ ಗೋಡೆ ಮೇಲೆ ಕ್ಯಾಮರಾ ಕಾಣ್ಲಿಲ್ವಾ? ಹತ್ತು ನಿಮಿಷಕ್ಕೊಂದು ಫೋಟೋ... ಒಂದು ವರ್ಷದ ವಿಡಿಯೋ..."

"ಕಳ್ಳರಿಗೆ ಅಂತ ಮಾವ ಹಾಕಿಸಿದ್ದು ಅಂದ್ಕೊಂಡೆ," ಎಂದ ಅವನು ಪೆಚ್ಚಾಗಿ.

ನಗಬೇಡಿ. ಅವಳ ಜಾಗದಲ್ಲಿ ನೀವಿದ್ದರೆ ಅಲ್ಲೇ ಕುಸಿಯುತ್ತಿದ್ದಿರಿ.

ಸೂರತ್‌ನಲ್ಲಿ ಅಪ್ಪನ ಉಡುಪಿ ಹೋಟೆಲು ಬಿಟ್ಟು ವಡೋದರಾಕ್ಕೆ ಶಿಲ್ಪ ಕಲಿಯಲು ಬಂದವಳು ಅವಳು. ಆಮೇಲೆ ಹದಿನೈದು ವರ್ಷ ವೆಲ್ಡಿಂಗು, ವಿಡಿಯೋ, ಅರ್ಜಿ, ತಿರಸ್ಕಾರ. ಗುಂಪು ಪ್ರದರ್ಶನಗಳಲ್ಲಿ ಯಾವಾಗಲೂ ಬಾಗಿಲ ಹತ್ತಿರದ ಮೂಲೆ. ಬಂದವರದು ಒಂದೇ ಪ್ರಶ್ನೆ: "ಆ ಘರ್ ಮಾ ಕ್ಯಾಂ ಮೂಕೀಶುಂ?" ಮನೆಯಲ್ಲಿ ಇದನ್ನು ಎಲ್ಲಿಡೋದು ಅಂತ!

ಡಿಸೆಂಬರಿನಲ್ಲಿ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಮೊದಲ ಬಾರಿ ಅವಳೊಬ್ಬಳದೇ ಪ್ರದರ್ಶನ. ಇದೂ ಕೈಕೊಟ್ಟರೆ ಶಿಲ್ಪ ಬಿಟ್ಟು ಸೂರತ್‌ನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗುವುದೆಂದು ಅವಳು ನಿಶ್ಚಯಿಸಿದ್ದಳು.

'ಮುಗೀತು... ಎಲ್ಲಾ ಮುಗೀತು,' ಅಂದುಕೊಂಡು ಕ್ಯಾಮರಾದ ಕಾರ್ಡ್ ಕಿತ್ತುಕೊಂಡು ಹೊರಟಳು. ಅಳಲೂ ತ್ರಾಣವಿರಲಿಲ್ಲ.

ಗೋರ್ವಾದ ಬಾಡಿಗೆ ಕೋಣೆಯಲ್ಲಿ ಮೂರು ದಿನ ಮಲಗಿದಳು. ಜಯತೀರ್ಥನ ಫೋನ್ ಬಂತು, ಎತ್ತಲಿಲ್ಲ. ನಾಲ್ಕನೆಯ ದಿನ, ಅಳಿಸಿಹಾಕುವ ಮೊದಲು ಒಮ್ಮೆ ನೋಡೋಣವೆಂದು ಫೋಟೋಗಳನ್ನು ಓಡಿಸಿದಳು.

ತುಕ್ಕು ಏರುತ್ತಾ ಬಂತು. ಕೊನೆಗೆ ಅವನು ಬಂದ.

ಕೈಕಾಲುಗಳನ್ನು ಮೆಷಿನ್ನಿನಿಂದ ಉಜ್ಜಿದ. ಮುಖಕ್ಕೆ ಮಾತ್ರ ಮೆಷಿನ್ ತಾಗಿಸಲಿಲ್ಲ! ಬಟ್ಟೆ ತಂದ, ಎದುರಿಗೆ ಸ್ಟೂಲ್ ಹಾಕಿ ಕೂತ. ಹತ್ತು ನಿಮಿಷ... ಅರ್ಧ ಗಂಟೆ... ಎರಡು ಗಂಟೆ. ಎಲ್ಲಾ ಫೋಟೋಗಳಲ್ಲೂ ಅವನ ಕೈ ಆ ಕೆನ್ನೆಯ ಮೇಲಿತ್ತು. ಜ್ವರ ಬಂದವರ ಮುಖ ಒರೆಸುವಷ್ಟು ನಿಧಾನ.

ಮನಸ್ವಿನಿ ಆ ಫೋಟೋಗಳನ್ನು ಮತ್ತೆ ಮೊದಲಿಂದ ಓಡಿಸಿದಳು. 'ನನ್ನ ಕೆಲಸವನ್ನು ಇಷ್ಟು ಹೊತ್ತು ಯಾರು ನೋಡಿದ್ದಾರೆ?'

ಮರುದಿನವೇ ಶೆಡ್ಡಿಗೆ ಹೋಗಿ, ನೀವು ಒರೆಸಿದ್ದನ್ನೂ ವಿಡಿಯೋದಲ್ಲಿ ಸೇರಿಸಿ ತೋರಿಸುತ್ತೇನೆ, ಒಪ್ಪಿಗೆ ಕೊಡಿ ಎಂದಳು. ಜಯತೀರ್ಥನ ಮುಖ ಕಪ್ಪಿಟ್ಟಿತು.

"ನನ್ನ ತಪ್ಪನ್ನ ಊರಿಗೆಲ್ಲ ತೋರಿಸಿ ಮರ್ಯಾದೆ ತೆಗೀತೀರಾ?"

"ಅಯ್ಯೋ, ಹಾಗಲ್ಲ..."

"ತೋರಿಸಿ. ನಿಮ್ಮ ವಸ್ತು ಹಾಳು ಮಾಡಿದ್ದೇನೆ, ಬೇಡ ಅನ್ನುವ ಹಕ್ಕು ನಂಗಿಲ್ಲ."

ಅವಳು ಇನ್ನೇನೋ ಹೇಳುವಷ್ಟರಲ್ಲಿ ಅವನು ಒಳಗೆ ಹೋಗಿ ಗ್ರೈಂಡರ್ ಹಾಕಿದ. ಆ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳುತ್ತದೆ!

ಡಿಸೆಂಬರ್ ಬಂತು. ಬೋಡಕ್‌ದೇವ್‌ನ ಗ್ಯಾಲರಿಯಲ್ಲಿ ಕೆಂಪು ಹೆಂಗಸು ಕೂತಳು, ಹಿಂದಿನ ಗೋಡೆಯ ಮೇಲೆ ವಿಡಿಯೋ ಓಡಿತು. ಜನ ಬಂದರು. ಆ ಕೈಗಳು ಕಾಣಿಸಿಕೊಂಡಾಗ ಮಾತು ನಿಲ್ಲಿಸಿ ನಿಂತರು. ಮನೆಯಲ್ಲಿ ಎಲ್ಲಿಡೋದು ಅಂತ ಒಬ್ಬರೂ ಕೇಳಲಿಲ್ಲ. ಇಷ್ಟು ವರ್ಷ ಕಾದಿದ್ದ ಆ ದಿನ ಅವಳ ಕಣ್ಣು ಮಾತ್ರ ಬಾಗಿಲ ಮೇಲೇ ಇತ್ತು.

ಎಲ್ಲರೂ ಹೊರಟ ಮೇಲೆ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಅಳುಕುವ ನಡೆ. ವಿಡಿಯೋವನ್ನು ಕೊನೆಯವರೆಗೂ ನಿಂತು ನೋಡಿದ.

"ಇದರಲ್ಲಿ ನನ್ನ ಮರ್ಯಾದೆ ಎಲ್ಲಿಯೂ ಹೋಗ್ಲಿಲ್ಲ," ಎಂದ ಮೆಲ್ಲಗೆ. "ನಿಮ್ಮನ್ನ ತಪ್ಪು ತಿಳ್ಕೊಂಡೆ. ಕ್ಷಮಿಸಿ."

"ಮುಖಕ್ಕೆ ಯಾಕೆ ಮೆಷಿನ್ ಹಾಕ್ಲಿಲ್ಲ?"

"ನಂಗೆ ಕಲೆ ಗಿಲೆ ಗೊತ್ತಾಗುದಿಲ್ಲ. ಆ ಮುಖ ನೋಡಿದ್ರೆ... ಇವರಿಗೆ ತುಂಬಾ ಸುಸ್ತಾಗಿದೆ ಅನ್ನಿಸ್ತು. ಸುಸ್ತಾದವರ ಮೇಲೆ ಗ್ರೈಂಡರ್ ಹಾಕ್ಲಿಕ್ಕಾಗ್ತದಾ? ಮರುದಿನ ನೀವು ಬಂದು ಬೈದ್ರಿ. ಅದೇ ಮುಖ! ಅವತ್ತಿಂದ ನಂಗೆ ಸರಿ ನಿದ್ದೆಯಿಲ್ಲ, ಮನಸ್ವಿನಿ. ನೀವಂದ್ರೆ ನಂಗೆ ಇಷ್ಟ. ಹೇಳ್ಬೇಕು ಅನ್ನಿಸ್ತು, ಹೇಳಿದೆ."

ಹದಿನೈದು ವರ್ಷ ಯಾರೆದುರೂ ಒಪ್ಪಿಕೊಳ್ಳದಿದ್ದದ್ದು ಅವಳ ಬಾಯಿಂದ ತಾನಾಗಿ ಹೊರಬಿತ್ತು.

"ಹೌದು... ನಂಗೆ ತುಂಬಾ ಸುಸ್ತಾಗಿದೆ, ಜಯತೀರ್ಥ."

ಹೇಳಿದ್ದೇ ತಡ, ಅಳು ಬಂತು. ಅಳು ಮುಗಿಯುವ ತನಕ ಅವನು ಪಕ್ಕದಲ್ಲೇ ನಿಂತ.

"ಸೂರತ್‌ಗೆ ಹೋಗ್ತೀರಂತೆ, ಟೀಚರ್ ಕೆಲಸಕ್ಕೆ? ಮಾವ ಹೇಳಿದ್ರು."

"ಇಲ್ಲ. ಬೇಡ ಅಂತ ಶಾಲೆಗೆ ಬರೆದೆ. ಸ್ವಲ್ಪ ದಿನ ಸುಮ್ಮನೆ ಕೂತು, ಆಮೇಲೆ ಹೊಸದು ಶುರು ಮಾಡ್ತೇನೆ."

"ಹಾಗಾದ್ರೆ ಬನ್ನಿ, ಜೀಪ್ ತಂದಿದ್ದೇನೆ. ಮೊದಲು ಗೋರ್ವಾ ಸಿಗ್ತದೆ. ನಿಮ್ಮನ್ನ ಮನೆ ಹತ್ರ ಇಳಿಸಿ ನಾನು ಮುಂದೆ ಮಕರಪುರದ ಶೆಡ್ಡಿಗೆ ಹೋಗ್ತೇನೆ."

ಮನಸ್ವಿನಿ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ಗೋರ್ವಾದಲ್ಲಿ ನಿಲ್ಲಿಸ್ಬೇಡಿ."

"ಮತ್ತೆ?"

"ಮಕರಪುರಕ್ಕೇ ಹೋಗುವ."