ನನ್ನ ಸರದಿಗೇ ಎದ್ದು ಹೋದವನು

"ಈ ಪುಟ ಬರೆದವರು ಯಾರು? ಸ್ವಲ್ಪ ಎದ್ದು ನಿಲ್ತೀರಾ?"

ಸೆಮಿನಾರ್ ಹಾಲ್ ಗಪ್‌ಚಿಪ್!

ಹಾಲ್ ತುಂಬ ಕೂತಿದ್ದ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳು, ಮೇಡಂಗಳು ಎಲ್ಲರಿಗೂ ಒಮ್ಮೆಲೇ ತಮ್ಮ ಪೆನ್ನು, ನೀರಿನ ಬಾಟಲಿ, ಮೊಬೈಲುಗಳ ಮೇಲೆ ಪ್ರೀತಿ ಉಕ್ಕಿ ಬಂತು. ಯಾರೂ ತಲೆ ಎತ್ತಲಿಲ್ಲ. ದಿನಾ ಬೆಳಗಾದರೆ ಹುಡುಗರನ್ನು ಎದ್ದು ನಿಲ್ಲಿಸುವವರಿಗೆ ತಾವೇ ಎದ್ದು ನಿಲ್ಲುವ ಪ್ರಸಂಗ ಬಂದರೆ ಹೀಗೇ ಆಗುವುದು.

ಸಂಶೋಧನೆಗೆ ಅನುದಾನ ಎಲ್ಲೆಲ್ಲಿ ಸಿಗುತ್ತದೆ, ಅದಕ್ಕೆ ಪ್ರಸ್ತಾವನೆ ಬರೆಯುವುದು ಹೇಗೆ ಎಂದು ಕಲಿಸುವ ಕಾರ್ಯಾಗಾರ ಅದು. ಕಲಿಸಲು ಬಂದವನು ಬೇರೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ನೋಡಲು ಚೆನ್ನಾಗಿದ್ದ, ಮಾತು ಮಾತ್ರ ಹರಿತ. ಯಾರ ಬರವಣಿಗೆ ಕೈಗೆ ಸಿಕ್ಕರೂ ಕತ್ತರಿಸಿ ಹಾಕುತ್ತಾನೆಂದು ಎಲ್ಲ ಕಾಲೇಜುಗಳಲ್ಲೂ ಅವನಿಗೆ 'ಕತ್ತರಿ ಸರ್' ಎಂದೇ ಹೆಸರು ಬಿದ್ದಿತ್ತು.

ಪರದೆಯ ಮೇಲೆ, ಅಲ್ಲಿದ್ದವರೇ ಮೊದಲು ಕಳಿಸಿದ್ದ ಕರಡುಗಳಿಂದ ಆರಿಸಿ ಹೆಸರು ಅಳಿಸಿದ ಒಂದು ಪುಟ.

"ಯಾರೂ ಇಲ್ವಾ? ಸರಿ, ನಾನೇ ಓದ್ತೀನಿ. 'ನೀರಿನ ಸೋರಿಕೆಯನ್ನು ಪತ್ತೆ ಹಚ್ಚಲು ಪ್ರಯತ್ನಿಸಲಾಗುವುದು. ಸದ್ದನ್ನು ವಿಶ್ಲೇಷಿಸಲು ಪ್ರಯತ್ನಿಸಲಾಗುವುದು. ಸಾಧ್ಯವಾದಲ್ಲಿ ಉಪಕರಣವೊಂದನ್ನು ತಯಾರಿಸಲು ಪ್ರಯತ್ನಿಸಲಾಗುವುದು.' ಇಡೀ ಪುಟದಲ್ಲಿ ಒಬ್ಬ ಮನುಷ್ಯನೂ ಇಲ್ಲ ನೋಡಿ! ಎಲ್ಲ ತನ್ನಷ್ಟಕ್ಕೆ ತಾನೇ ಪ್ರಯತ್ನ ಮಾಡ್ಕೊಳ್ತಾ ಇದೆ. ಕೆಲಸ ಮಾಡೋರು ಯಾರು? ದೆವ್ವಾನಾ?"

ಹಾಲ್ ಗೊಳ್ಳೆಂದು ನಕ್ಕಿತು.

ನಗು ನಿಲ್ಲುವ ಮೊದಲೇ ನಡುವಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು.

"ದೆವ್ವ ಅಲ್ಲ ಸರ್. ನಾನು."

ಅವಳು ಅದೇ ಕಾಲೇಜಿನ ಸಿವಿಲ್ ವಿಭಾಗದ ಅಧ್ಯಾಪಕಿ. ಸದಾ ಪೈಪು, ವಾಲ್ವುಗಳ ನಡುವೆಯೇ ಇರುತ್ತಾಳೆಂದು ಹುಡುಗರು ಹಿಂದಿನಿಂದ 'ಪೈಪ್ ಮೇಡಂ' ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

"ಕೆಲಸ ಆಗೋಕೆ ಮುಂಚೇನೇ ಆಗೇಹೋಯ್ತು ಅಂತ ಎಂಜಿನಿಯರ್ ಆದವಳು ಬರೀಬಾರದು ಅಂತ ನಮಗೆ ಕಲಿಸಿದಾರೆ. ನಿಮಗೆ ಕಲಿಸ್ಲಿಲ್ವಾ?"

ಈಗ ಯಾರೂ ನಗಲಿಲ್ಲ. ಕತ್ತರಿ ಸರ್ ಒಂದು ಕ್ಷಣ ಅವಳನ್ನೇ ನೋಡಿದ. ಇಷ್ಟು ಕಾರ್ಯಾಗಾರ ನಡೆಸಿದ್ದರೂ ಯಾರೂ ಅವನಿಗೆ ಹೀಗೆ ತಿರುಗಿ ಕೇಳಿರಲಿಲ್ಲ.

"ಕಲಿಸಿದಾರೆ ಮೇಡಂ. ಈಗ ಒಂದೇ ಪ್ರಶ್ನೆ. ನಿಮ್ಮ ಈ ಕೆಲಸ ಆಗತ್ತೆ ಅಂತ ನಿಮಗೆ ನಂಬಿಕೆ ಇದೆಯಾ?"

"ಇದೆ."

"ಎಷ್ಟು?"

"ಕೆಳಗಡೆ ನನ್ನ ಲ್ಯಾಬ್ ಇದೆ. ಬಂದು ಕಿವಿ ಇಟ್ಟು ಕೇಳಿ. ಆಮೇಲೆ ಎಷ್ಟು ಅಂತ ನೀವೇ ಹೇಳಿ!"

ಹಿಂದಿನ ಸಾಲಿನಿಂದ ಮೆಕ್ಯಾನಿಕಲ್ ವಿಭಾಗದಲ್ಲಿ ಥರ್ಮೋಡೈನಮಿಕ್ಸ್ ಕಲಿಸುವ 'ಥರ್ಮೋ ಸರ್' ಜೋರಾಗಿ ಚಪ್ಪಾಳೆ ತಟ್ಟಿದರು. ಅವಳು ಕೂತಳು. ಸ್ವಲ್ಪ ಹೊತ್ತಿಗೆ ನೋಡಿಕೊಂಡರೆ ನೋಟ್‌ಬುಕ್ಕಿನ ಅಂಚಿನ ತುಂಬ ಕತ್ತರಿಯ ಚಿತ್ರ ಬರೆದಿದ್ದಳು. 'ಸಿಟ್ಟಿಗೆ ಹೀಗಾಗ್ತಿದೆ, ಬೇರೇನೂ ಇಲ್ಲ' ಎಂದು ತನಗೆ ತಾನೇ ಹೇಳಿಕೊಂಡಳು.

ನಾವೂ ಸದ್ಯಕ್ಕೆ ನಂಬೋಣ...

*

ಅವನು ನಿಜವಾಗಿಯೂ ಬಂದ!

ಊಟದ ಬಿಡುವಿನಲ್ಲಿ ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರೆ, ಅವನು ಮೆಟ್ಟಿಲಿಳಿದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ.

ಉದ್ದನೆಯ ಕೋಣೆ. ನಡುವೆ ಮರಳು ತುಂಬಿದ ತೊಟ್ಟಿ. ಮರಳಿನಡಿ ರಸ್ತೆಯ ಕೆಳಗಿರುವಂಥದ್ದೇ ನೀರಿನ ಪೈಪು. ಗೋಡೆಯ ಮೇಲೆ ಎಲ್ಲೆಂದರಲ್ಲಿ ಸೀಮೆಸುಣ್ಣದ ಗೀಟುಗಳು.

"ಇವು ಏನು?" ಅವನು ಕೇಳಿದ.

"ಬೆಂಚು ಎಲ್ಲೆಲ್ಲಿ ಹಾಕಬೇಕು ಅಂತ ನಮ್ಮ ಎಚ್‌ಒಡಿ ಗುರುತು ಮಾಡಿಸಿದಾರೆ. ಈ ಸಲ ಗ್ರಾಂಟ್ ಬರದಿದ್ರೆ ಲ್ಯಾಬ್ ಮುಚ್ಚಿ ಕ್ಲಾಸ್‌ರೂಮ್ ಮಾಡ್ತಾರೆ. ಪೈಪು ಗುಜರಿಗೆ ಹೋಗತ್ತೆ." ಅವಳು ಹೆಡ್‌ಫೋನನ್ನೂ ಅದಕ್ಕೆ ಜೋಡಿಸಿದ್ದ ಸದ್ದು ಹಿಡಿಯುವ ಸೆನ್ಸರನ್ನೂ ಕೈಗಿತ್ತಳು. "ತಗೊಳ್ಳಿ. ಪೈಪಲ್ಲಿ ಸೂಜಿ ಮೊನೆಯಷ್ಟು ತೂತಿದೆ. ಎಲ್ಲಿದೆ ಹೇಳಿ."

ಅವನು ಪ್ಯಾಂಟಿಗೆ ಮರಳು ಮೆತ್ತುವುದನ್ನೂ ಲೆಕ್ಕಿಸದೆ ಮಂಡಿಯೂರಿದ. ಸೆನ್ಸರನ್ನು ಮರಳಿನ ಮೇಲೆ ಸರಿಸುತ್ತಾ ಕಣ್ಣು ಮುಚ್ಚಿದ.

"ಇಲ್ಲಿ."

"ಅಲ್ಲ... ಇಲ್ಲಿ." ಅವಳು ಅವನ ಕೈಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದಳು.

ಅವನಿಗೆ ಕೇಳಿಸಿತು. ತೀರಾ ಸಣ್ಣ ಸದ್ದು, ಯಾರೋ ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ. ಕಣ್ಣು ಬಿಟ್ಟರೆ ಅವಳ ಮುಖ ಎದುರಿಗೇ ಇತ್ತು. ಅವಳ ಕೈ ಇನ್ನೂ ಅವನ ಕೈಮೇಲಿತ್ತು! ಅವಳು ಸರಕ್ಕನೆ ತೆಗೆದುಕೊಂಡಳು.

"ರೀ ಮೇಡಂ," ಅವನ ದನಿ ಇಳಿದಿತ್ತು. "ಇಂಥಾದ್ದನ್ನ ಕೈಯಲ್ಲಿಟ್ಕೊಂಡು 'ಪ್ರಯತ್ನಿಸಲಾಗುವುದು' ಅಂತ ಬರೀತೀರಲ್ಲ, ನಿಮಗೆ ಏನು ಹೇಳಲಿ ನಾನು?"

"ನಿಮ್ಮ ಬಾಯಿಗೆ ಹೆದರಿ ಬರೆಯೋರು ಬರೀಲಿ. ನಾನು ನನ್ನ ಹಾಗೇ ಬರೀತೀನಿ."

"ಬರೀರಿ. 'ನಾನು ಮಾಡ್ತೀನಿ' ಅಂತ ಬರೀರಿ. ಅಷ್ಟೇ ಸಾಕು."

*

ಕಾರ್ಯಾಗಾರ ಮುಗಿದರೂ ಮಾತು ಮುಗಿಯಲಿಲ್ಲ. ಯಾರು ಬೇಕಾದರೂ ಕರಡು ಕಳಿಸಿ, ನೋಡಿಕೊಡುತ್ತೇನೆ ಎಂದು ಅವನು ಎಲ್ಲರಿಗೂ ಹೇಳಿದ್ದ. ಥರ್ಮೋ ಸರ್ ಕಳಿಸಿದರು, ಇನ್ನೂ ಕೆಲವರು ಕಳಿಸಿದರು. ಆದರೆ ಅವಳ ಕರಡಿನ ಬಗ್ಗೆ ಮಾತ್ರ ಅವನು ಫೋನನ್ನೇ ಮಾಡುತ್ತಿದ್ದ. ಸೆನ್ಸರಿನಿಂದ ಶುರುವಾದ ಮಾತು ಅವಳು ಊಟ ಮಾಡಿದಳೋ ಇಲ್ಲವೋ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು.

"ಏನಮ್ಮಾ ನಾದಿನಿ," ಅತ್ತಿಗೆ ಬಟ್ಟೆ ಮಡಚುತ್ತಾ ಕಾಲೆಳೆಯುತ್ತಿದ್ದಳು. ಅಣ್ಣ-ಅತ್ತಿಗೆಯ ಜೊತೆಗೇ ಅವಳ ವಾಸ. "ಪೈಪು ಒಡೆದ ಕಥೆಗೆ ಹೀಗೆ ಕಿಸಿಕಿಸಿ ನಗೋರನ್ನ ನಾನು ಇವತ್ತೇ ನೋಡಿದ್ದು!"

"ಅತ್ತಿಗೇ! ಅದು ರಿಸರ್ಚ್ ವಿಷಯ!"

"ಹೌದೌದು. ನಿಮ್ಮಣ್ಣನೂ ಮದುವೆಗೆ ಮುಂಚೆ ನನ್ನ ಹತ್ರ ಭಾರೀ ರಿಸರ್ಚ್ ಮಾಡ್ತಿದ್ರು."

ಅವಳು ದಿಂಬೆತ್ತಿ ಅತ್ತಿಗೆಯ ಮೇಲೆಸೆದಳು. ಸುಳ್ಳೇಕೆ, ಅವಳಿಗೆ ಆ ತಮಾಷೆ ಇಷ್ಟವಾಗಿತ್ತು. ಅವನೂ ಇಷ್ಟವಾಗಿದ್ದ.

ಪ್ರಸ್ತಾವನೆ ಸಲ್ಲಿಕೆಯಾಯಿತು. ಮೊದಲ ಸುತ್ತಿನಲ್ಲಿ ಪಾಸಾಯಿತು. ಆಯ್ಕೆ ಸಮಿತಿಯ ಎದುರು ಬಂದು ವಿವರಿಸಬೇಕೆಂದು ಕರೆ ಬಂತು. ಕುಣಿಯುತ್ತಾ ಅವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಸಂಜೆ ಒಂದು ಮೆಸೇಜ್ ಬಂತು.

'ಇನ್ನು ನಾನು ನಿಮ್ಮ ಜೊತೆ ಮಾತಾಡುವ ಹಾಗಿಲ್ಲ. ದಯವಿಟ್ಟು ಫೋನ್ ಮಾಡಬೇಡಿ.'

ಅಷ್ಟೇ!

ಅವಳು ಅದನ್ನು ಮತ್ತೆ ಮತ್ತೆ ಓದಿದಳು. 'ನಾನೇನು ತಪ್ಪು ಮಾಡಿದೆ? ಅತಿಯಾಗಿ ಸಲಿಗೆ ತಗೊಂಡ್ನಾ?' ಫೋನನ್ನು ಅತ್ತಿಗೆಯತ್ತ ಚಾಚಿದಳು. ಅತ್ತಿಗೆ ಓದಿ ಪಕ್ಕದಲ್ಲಿ ಬಂದು ಕೂತಳು.

"ಬಿಡು. ಮೊದಲು ಲ್ಯಾಬ್ ಉಳಿಸ್ಕೋ. ಅಳೋದಿದ್ರೆ ಆಮೇಲೆ ಇಬ್ರೂ ಸೇರಿ ಅಳೋಣ."

*

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ನಡುವೆ ಕನ್ನಡಕ ಧರಿಸಿದ ಹಿರಿಯ ಅಧ್ಯಕ್ಷೆ. ಅಕ್ಕಪಕ್ಕ ಸದಸ್ಯರು. ಮೇಜಿನ ಕೊನೆಯಲ್ಲಿ...

ಅವನು!

ಅವಳು ಬಾಗಿಲಲ್ಲೇ ನಿಂತಳು. ಮರುಕ್ಷಣವೇ ಆಸೆಯೂ ಚಿಗುರಿತು. 'ಸಮಿತೀಲಿದಾನೆ. ಅದಕ್ಕೇ ಮಾತು ಬಿಟ್ಟಿದ್ದು! ಇವನಿಗೆ ನನ್ನ ಕೆಲಸ ಗೊತ್ತು. ಇವನೊಬ್ಬ ಸಾಕು...'

ಅವಳು ಪೆನ್‌ಡ್ರೈವ್ ಸಿಕ್ಕಿಸಿದಳು. ಪರದೆಯ ಮೇಲೆ ಅವಳ ಮೊದಲ ಚಿತ್ರ ಮೂಡಿತು.

ಅವನು ಕುರ್ಚಿ ಹಿಂದಕ್ಕೆ ಸರಿಸಿದ. ಎದ್ದ. ಅವಳತ್ತ ನೋಡಲೂ ಇಲ್ಲ. ನೆಟ್ಟಗೆ ನಡೆದು ಹೊರಗೆ ಹೋಗಿ ಬಾಗಿಲೆಳೆದುಕೊಂಡ!

ಸದಸ್ಯರಿಬ್ಬರು ಒಬ್ಬರನ್ನೊಬ್ಬರು ನೋಡಿ ತುಟಿಯಂಚಿನಲ್ಲೇ ನಕ್ಕರು. ಅಧ್ಯಕ್ಷೆ ಕನ್ನಡಕದ ಮೇಲಿನಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

'ನಗ್ತಿದಾರೆ... ನನ್ನ ಕೆಲಸ ಕೇಳೋಕೂ ಲಾಯಕ್ಕಿಲ್ಲ ಅಂತ ಎದ್ದು ಹೋದ. ಎಲ್ಲರ ಮುಂದೆ!' ಕಣ್ಣಲ್ಲಿ ನೀರು ಬಂದೇಬಿಡುತ್ತಿತ್ತೇನೋ. ಆದರೆ ಗೋಡೆಯ ಮೇಲಿನ ಸೀಮೆಸುಣ್ಣದ ಗೀಟುಗಳು ನೆನಪಾದವು. ತನ್ನ ಪೈಪು ಗುಜರಿ ಗಾಡಿ ಹತ್ತುವುದು ಕಣ್ಣಿಗೆ ಕಟ್ಟಿತು.

ಹೋಗಲಿ ಬಿಡು. ಇವನಿಲ್ಲದಿದ್ದರೆ ನೀರು ಸೋರುವುದು ನಿಲ್ಲುತ್ತದೆಯೇ?

ಅವಳು ಸೆರಗು ಸರಿಮಾಡಿಕೊಂಡು ಶುರು ಮಾಡಿದಳು. ಹೇಗೆ ಮಾತಾಡಿದಳೆಂದರೆ, ಫೋನಿನಲ್ಲಿ ಕಣ್ಣಿಟ್ಟಿದ್ದ ಸದಸ್ಯರೊಬ್ಬರು ಅದನ್ನು ಮಗುಚಿಟ್ಟರು. ಪೈಪಿನ ಸದ್ದನ್ನು ಕೇಳಿಸಿದಳು. ಮಣ್ಣಿನಲ್ಲಿ ಅದು ಹೇಗೆ ಬದಲಾಗುತ್ತದೆ, ಜಲ್ಲಿಯಲ್ಲಿ ಹೇಗೆ ಎಂದು ತೋರಿಸಿದಳು. ರಸ್ತೆ ಅಗೆಯದೆಯೇ ಸೋರುವ ಜಾಗಕ್ಕೆ ಬೆರಳಿಟ್ಟು ತೋರಿಸುತ್ತೇನೆ ಎಂದಳು.

"ವಾಹನ ಓಡಾಡೋ ರಸ್ತೇಲಿ ಈ ಸದ್ದು ಕೇಳತ್ತಾ?" ಅಧ್ಯಕ್ಷೆ ಕೇಳಿದರು.

"ಈಗ ಕೇಳಲ್ಲ ಮೇಡಂ. ಕೇಳೋ ಹಾಗೆ ಮಾಡೋದಕ್ಕೇ ನನಗೆ ಈ ಗ್ರಾಂಟ್ ಬೇಕು. ನಾನು ಮಾಡ್ತೀನಿ."

ಹೊರಗೆ ಬಂದಾಗ ಅವನು ಮೊಗಸಾಲೆಯ ತುದಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅವಳು ತಿರುಗಿಯೂ ನೋಡದೆ ಮೆಟ್ಟಿಲಿಳಿದಳು.

ಮರುದಿನ, ಅದೇ ಸಮಿತಿಯ ಮುಂದೆ ಹೋಗಿ ಬಂದಿದ್ದ ಥರ್ಮೋ ಸರ್ ಗಾಯಕ್ಕೆ ಉಪ್ಪು ಸವರಿದರು.

"ಕತ್ತರಿ ಸರ್ ನನ್ನ ಚರ್ಮಾನೇ ಸುಲಿದುಬಿಟ್ರು ಮೇಡಂ! ಏನು ಪ್ರಶ್ನೆಗಳು ಅಂತೀರಿ! ಕಾರ್ಯಾಗಾರದಿಂದ ಬಂದಿದ್ದ ಎಲ್ಲರ ಸರದಿಗೂ ಕೂತು ಕೇಳಿದ್ರಂತೆ."

ಎಲ್ಲರ ಸರದಿಗೂ... ಅವಳೊಬ್ಬಳದು ಬಿಟ್ಟು.

*

ಫಲಿತಾಂಶದ ಸುದ್ದಿ ಹೊತ್ತು ಎಚ್‌ಒಡಿಯೇ ಏದುಸಿರು ಬಿಡುತ್ತಾ ಲ್ಯಾಬಿಗೆ ಬಂದರು.

"ಬಂತಮ್ಮಾ! ಪೂರ್ತಿ ಗ್ರಾಂಟ್! ಪಟ್ಟಿಯಲ್ಲಿ ನಿನ್ನದೇ ಮೊದಲು!" ಎನ್ನುತ್ತಾ ಸ್ವಂತ ಕರ್ಚೀಫಿನಿಂದ ಗೋಡೆಯ ಮೇಲಿನ ಗೀಟುಗಳನ್ನು ಒರೆಸತೊಡಗಿದರು. "ಈ ಲ್ಯಾಬ್ ಮುಚ್ಚಬೇಕು ಅಂತ ಹೇಳಿದ ಪುಣ್ಯಾತ್ಮ ಯಾರೋ!"

ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಅವರು ಹೋದ ಮೇಲೆ ತೊಟ್ಟಿಯ ಅಂಚಿನಲ್ಲಿ ಕೂತು ಸ್ವಲ್ಪ ಅತ್ತಳು. ಗೆದ್ದಿದ್ದಳು. ಹೇಳಿಕೊಳ್ಳಬೇಕೆನಿಸಿದ ಒಬ್ಬನೇ ಒಬ್ಬನಿಗೆ ಹೇಳುವ ಹಾಗಿರಲಿಲ್ಲ.

"ಒಳಗೆ ಬರಬಹುದಾ?"

ಅವಳು ತಲೆಯೆತ್ತಿದಳು. ಬಾಗಿಲಲ್ಲಿ ಅವನು! ಕೂದಲು ಕೆದರಿತ್ತು. ಸುದ್ದಿ ಹೊರಬಿದ್ದ ಕೂಡಲೇ ಹೊರಟು ಬಂದವನ ಹಾಗಿದ್ದ.

"ಯಾಕೆ? ಎದ್ದು ಹೋಗೋಕಾ?"

ಅವನು ತಲೆ ತಗ್ಗಿಸಿದ. "ಬೈರಿ."

"ಬೈಯಲ್ಲ. ಕೇಳ್ತೀನಿ. ಎಲ್ಲರ ಸರದಿಗೂ ಕೂತ್ರಿ. ನನ್ನ ಸರದಿಗೇ ಯಾಕೆ ಎದ್ದು ಹೋದ್ರಿ? ನಿಮ್ಮ ಒಂದು ಮಾತು ನನ್ನ ಲ್ಯಾಬ್ ಉಳಿಸ್ತಿತ್ತು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಅದಕ್ಕೇ ಎದ್ದಿದ್ದು." ಅವನು ಒಂದು ಹೆಜ್ಜೆ ಒಳಗಿಟ್ಟ. "ಸಮಿತಿ ನಿಯಮ ನಿಮಗೂ ಗೊತ್ತಲ್ಲ? ಹತ್ತಿರದವರು ಬಂದಾಗ ಸದಸ್ಯ ಕೂರೋ ಹಾಗಿಲ್ಲ. ಹೊರಗೆ ಹೋಗಬೇಕು."

"ಗೊತ್ತು. ನೆಂಟರು, ಸಹೋದ್ಯೋಗಿಗಳು, ಶಿಷ್ಯರು. ನಾನು ನಿಮಗೆ ಯಾರೂ ಅಲ್ವಲ್ಲ!"

"ಅಧ್ಯಕ್ಷರೂ ಇದನ್ನೇ ಕೇಳಿದ್ರು. ಅವತ್ತು ಬೆಳಿಗ್ಗೆ, ಎಲ್ಲರ ಮುಂದೆ. 'ನೆಂಟರಾ?' ಅಲ್ಲ ಅಂದೆ. 'ನಿಮ್ಮ ಸ್ಟೂಡೆಂಟಾ?' ಅಲ್ಲ. 'ಜೊತೇಲಿ ಪೇಪರ್ ಬರೆದಿದೀರಾ?' ಇಲ್ಲ. 'ಯಾವ ಸಂಬಂಧಾನೂ ಇಲ್ದೇ ಇದ್ರೆ ಹೊರಗೆ ಯಾಕ್ರೀ ಹೋಗ್ತೀರಿ?' ಅಂದ್ರು."

"ನೀವೇನಂದ್ರಿ?"

"ಸಂಬಂಧ ಇಲ್ಲ ಮೇಡಂ... ಆಗಲಿ ಅಂತ ಆಸೆ ಇದೆ ಅಂದೆ."

ಸರಿಯಾಗಿ ಕೇಳಿಸಿತೇ ಎನ್ನುವಂತೆ ಅವಳು ಕೈಚಾಚಿ ಪೈಪಿನ ಪಂಪನ್ನು ಆರಿಸಿದಳು.

ಅವಳಿಗೆ ಆ ತುಟಿಯಂಚಿನ ನಗೆಗಳು ನೆನಪಾದವು. ಅಧ್ಯಕ್ಷೆಯ ನೋಟ ನೆನಪಾಯಿತು. ಅಯ್ಯೋ! ಅದು ತಿರಸ್ಕಾರವಾಗಿರಲಿಲ್ಲ. ಹೆಣ್ಣು ನೋಡಲು ಬಂದ ಹಿರಿಯರ ನೋಟ ಅದು!

"ಅಂದ್ರೆ... ಆ ರೂಮಲ್ಲಿದ್ದ ಎಲ್ಲರಿಗೂ ಗೊತ್ತಿತ್ತಾ?"

"ಹೂಂ. ನಿಮಗೊಬ್ಬರಿಗೆ ಬಿಟ್ಟು." ಅವನು ನಗಲು ನೋಡಿದ, ಆಗಲಿಲ್ಲ. "ಇವತ್ತು ಫಲಿತಾಂಶ ಬರೋವರೆಗೂ ನಾನು ಬಾಯಿ ಬಿಡೋ ಹಾಗಿರಲಿಲ್ಲ. ನಾನು ಅಲ್ಲಿ ಕೂತಿದ್ರೆ ನೀವು ಏನು ಹೇಳಿದ್ರೂ ನನಗೆ ಚೆನ್ನಾಗೇ ಕಾಣ್ತಿತ್ತು. ನಾಳೆ ಯಾರಾದ್ರೂ, ಅವನಿಂದ ಇವಳಿಗೆ ಸಿಕ್ತು ಅಂದುಬಿಟ್ರೆ? ಇದು ನಿಮ್ಮದು. ಪೂರ್ತಿ ನಿಮ್ಮದೇ ಆಗಿರಬೇಕಿತ್ತು."

ಅವಳ ಕಣ್ಣು ತುಂಬಿತು. ಹಾಳಾದವನು! ಜೊತೆಗೆ ನಿಂತು ಗೆಲ್ಲಿಸುವುದು ಸುಲಭವಿತ್ತು. ಅವಳೇ ಗೆಲ್ಲುತ್ತಾಳೆ ಎಂದು ನಂಬಿ, ಅವಳ ಸಿಟ್ಟನ್ನೆಲ್ಲ ತಲೆಯ ಮೇಲೆ ಹೊತ್ತು, ಕಿಟಕಿಯ ಪಕ್ಕ ಒಬ್ಬನೇ ನಿಂತಿದ್ದ.

ಅವಳು ಎದ್ದು ಬಂದು ಅವನೆದುರು ನಿಂತಳು.

"ಮುಂದಿನ ವರ್ಷ ನಾನು ಇನ್ನೊಂದು ಪ್ರಪೋಸಲ್ ಹಾಕ್ತೀನಿ. ಆಗಲೂ ಎದ್ದು ಹೋಗ್ತೀರಾ?"

"ಹೋಗಲೇಬೇಕಲ್ಲ."

"ಯಾವ ಸಂಬಂಧ ಅಂತ ಅಧ್ಯಕ್ಷರು ಮತ್ತೆ ಕೇಳ್ತಾರೆ."

ಹಾಲ್‌ಗಟ್ಟಲೆ ಜನರನ್ನು ಬಾಯಿಮಾತಿನಲ್ಲೇ ಕತ್ತರಿಸುತ್ತಿದ್ದವನು ಈಗ ಕೆದರಿದ ಕೂದಲನ್ನು ಸರಿಮಾಡಿಕೊಳ್ಳತೊಡಗಿದ.

"ಏನು ಹೇಳಲಿ... ನೀವೇ ಹೇಳಿಕೊಡಿ."

"ನನ್ನ ಹೆಂಡತಿ ಅನ್ನಿ. ಆಮೇಲೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ."

ಅವನು ಅವಳ ಎರಡೂ ಕೈಗಳನ್ನು ಹಿಡಿದುಕೊಂಡ. ಈ ಸಲ ಅವಳು ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದು ಸಲ ಹೇಳ್ರೀ."

"ಯಾಕೆ, ಅರ್ಥ ಆಗ್ಲಿಲ್ವಾ?"

"ಆಯ್ತು. ಆದ್ರೂ ಹೇಳ್ರೀ."

ಅವಳು ಅವನ ಎದೆಗೆ ಒರಗಿ, ಇನ್ನೊಂದು ಸಲ ಹೇಳಿದಳು.